ಪಂಪ್ ಮೊದಲು, ಬೆಂಕಿ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ಯಂತ್ರದ ಬಗ್ಗೆ ಇವೆ. ಹಾಗಾಗಿ ಈ ಕಂತು ಪೂರ್ತಿ ಥರ್ಮಿಕ್ ಫ್ಲೂಯಿಡ್ ಹೀಟರಿಗೇ ಇರಲಿ. ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲೈವುಡ್ ಪ್ರೆಸ್ಸಿನಂಥ ಯಂತ್ರಗಳನ್ನು ಕಾಯಿಸಲು ಎಷ್ಟೋ ಕಡೆ ಉಗಿಯ ಬದಲು ಎಣ್ಣೆ ಬಳಸುತ್ತಾರೆ. ಒಲೆಯೊಳಗೆ ಸುರುಳಿ ಸುತ್ತಿದ ಪೈಪ್ ಇರುತ್ತದೆ. ಅದನ್ನು ಕಾಯಿಲ್ ಅನ್ನುತ್ತೇವೆ. ಪಂಪ್ ಎಣ್ಣೆಯನ್ನು ಕಾಯಿಲ್ ಮೂಲಕ ತಳ್ಳುತ್ತದೆ. ಕಾದ ಎಣ್ಣೆ ಪ್ರೆಸ್ಸಿಗೆ ಹೋಗಿ, ಶಾಖ ಕೊಟ್ಟು, ಮತ್ತೆ ಒಲೆಗೆ ಬರುತ್ತದೆ. ನಾನು ಶಿವಮೊಗ್ಗ ಸುತ್ತಮುತ್ತ 31 ವರ್ಷ ಇದೇ ಕೆಲಸ ಮಾಡಿದವನು. ಗೊತ್ತಿರುವುದನ್ನು ಹೇಳುತ್ತೇನೆ.

ಪ್ರಶ್ನೆ: ಮಾಚೇನಹಳ್ಳಿ ಕಡೆಯ ಒಂದು ಪ್ಲೈವುಡ್ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನಮ್ಮದು ಕಟ್ಟಿಗೆ ಉರಿಸುವ, ಗಂಟೆಗೆ 6 ಲಕ್ಷ ಕಿಲೋಕ್ಯಾಲೊರಿ ಶಾಖ ಕೊಡುವ ಹೀಟರ್. ಮೂರು ವಾರದಿಂದ ನಿಂತಿದೆ. ಹಳೆ ಎಣ್ಣೆ ತೆಗೆದಾಗಿದೆ, ಹೊಸ ಎಣ್ಣೆ ಬಂದಿದೆ. ಇಷ್ಟು ದಿನ ನೋಡಿಕೊಂಡಿದ್ದ ಹಿರಿಯರು ಕೆಲಸ ಬಿಟ್ಟರು. ಬೆಳಿಗ್ಗೆ ಬೆಂಕಿ ಹಾಕಿದರೆ ಮಧ್ಯಾಹ್ನಕ್ಕೆ ಪ್ರೆಸ್ ಓಡಬೇಕು ಅಂತ ಮಾಲೀಕರು ಹೇಳುತ್ತಾರೆ. ಆಗುತ್ತದಾ?

ಉತ್ತರ: ಆಗಲ್ಲ. ಹೊಸ ಎಣ್ಣೆ ತುಂಬಿದ ಮೇಲೆ ಎರಡು ದಿನ ಬೇಕು. ಇದನ್ನು ಮಾಲೀಕರಿಗೆ ಇವತ್ತೇ ಹೇಳಿಬಿಡಿ.

ಯಾಕೆ ಅಂತ ಹೇಳಲು ನನ್ನ ಕಣ್ಣೆದುರು ಆದದ್ದನ್ನೇ ಹೇಳಬೇಕು. ನಾನಾಗ ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಜುಲೈ ತಿಂಗಳು, ಜಡಿಮಳೆ. ಹೊಸ ಎಣ್ಣೆಯ ಡ್ರಮ್ಮುಗಳು ಬಂದು ಒಂದು ತಿಂಗಳಾಗಿತ್ತು. ಶೆಡ್ಡಿನಲ್ಲಿ ಜಾಗ ಇರಲಿಲ್ಲ ಅಂತ ಅಂಗಳದಲ್ಲೇ ನೆಟ್ಟಗೆ ನಿಲ್ಲಿಸಿದ್ದೆವು. ಮುಚ್ಚಳ ಬಿಗಿಯಾಗಿತ್ತು, ಸೀಲ್ ಒಡೆದಿರಲಿಲ್ಲ. ನೀರು ಹೋಗುವುದು ಹೇಗೆ ಅಂದುಕೊಂಡಿದ್ದೆವು. ಆದರೆ ಡ್ರಮ್ಮಿನ ಮೇಲೆ ಅಂಚಿನ ಒಳಗೆ ಎರಡು ಬೆರಳು ನೀರು ನಿಂತಿತ್ತು. ಬಿಸಿಲು ಬಿದ್ದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಡ್ರಮ್ ಉಸಿರು ಒಳಗೆಳೆದುಕೊಳ್ಳುತ್ತದೆ. ಆಗ ಮೇಲೆ ನಿಂತ ನೀರೂ ಒಳಗೆ ಹೋಗುತ್ತದೆ. ನೀರು ಎಣ್ಣೆಗಿಂತ ಭಾರ, ಸೀದಾ ತಳ ಸೇರುತ್ತದೆ. ಮೇಲಿಂದ ಬಗ್ಗಿ ನೋಡಿದರೆ ಚೊಕ್ಕ ಎಣ್ಣೆ.

ಆ ಎಣ್ಣೆ ತುಂಬಿ ಜೋರಾಗಿ ಉರಿ ಹಾಕಿದೆವು. 100 ಡಿಗ್ರಿ ದಾಟುತ್ತಿದ್ದ ಹಾಗೆ, ಕಾದು ಉಬ್ಬಿದ ಎಣ್ಣೆಗೆ ಜಾಗ ಕೊಡುವ ಮೇಲಿನ ಎಕ್ಸ್‌ಪಾನ್ಷನ್ ಟ್ಯಾಂಕಿನಲ್ಲಿ ಚಟಪಟ ಶುರುವಾಯಿತು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಆಮೇಲೆ ಗುಡುಗುಡು. ಪಂಪಿನ ಒತ್ತಡ ತೋರಿಸುವ ಗೇಜಿನ ಮುಳ್ಳು 2ಕ್ಕೂ 5ಕ್ಕೂ ನಡುವೆ ಕುಣಿಯುತ್ತಿತ್ತು. ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ನೋಡನೋಡುತ್ತಲೇ, ಟ್ಯಾಂಕಿನ ಗಾಳಿ ಹೊರಹೋಗುವ ವೆಂಟ್ ಪೈಪಿನಿಂದ ನೊರೆನೊರೆ ಎಣ್ಣೆ ಉಕ್ಕಿ ತಗಡಿನ ಮಾಡಿನ ಮೇಲೆ ಸುರಿಯಿತು. ಆ ಪೈಪಿನ ಬಾಯಿ ಇದ್ದದ್ದು ಕಟ್ಟಿಗೆ ತರುವ ದಾರಿಯ ಮೇಲೆ. ಹೆಲ್ಪರ್ ಹುಡುಗನೊಬ್ಬ ಅಲ್ಲೇ ಇದ್ದ. ಅವನ ಮುಂಗೈ ಮೊಣಕೈವರೆಗೆ ಬೆಂದುಹೋಯಿತು. ಅವನಿಗೆ ಈಗ ಐವತ್ತರ ಹತ್ತಿರ ವಯಸ್ಸು. ಸಿಕ್ಕಾಗಲೆಲ್ಲ ನನ್ನ ಕಣ್ಣು ಮೊದಲು ಆ ಕೈ ಮೇಲೇ ಹೋಗುತ್ತದೆ.

ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ಪೈಪಿನಲ್ಲಿ ಒಂದು ಬಿಂದಿಗೆ ನೀರು ಸೇರಿದ್ದರೂ ಸಾಕು, ಹೀಗಾಗುತ್ತದೆ. ಬೇರೆ ಊರಿನವರು ಇದನ್ನು ಅಷ್ಟಾಗಿ ಯೋಚಿಸದಿರಬಹುದು. ಗೋಡೆಯೂ ಬೆವರುವ ಮಲೆನಾಡಿನಲ್ಲಿ ಯೋಚಿಸಲೇಬೇಕು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಡ್ರಮ್ಮುಗಳು ಹೊರಗಿದ್ದರೆ ಒಳಗೆ ತನ್ನಿ. ಜಾಗವೇ ಇಲ್ಲ ಅಂದರೆ ಅಡ್ಡ ಮಲಗಿಸಿ, ಎರಡು ಮುಚ್ಚಳಗಳೂ ಒಂದೇ ಮಟ್ಟದಲ್ಲಿ ಎಡಕ್ಕೂ ಬಲಕ್ಕೂ ಬರುವ ಹಾಗೆ. ಆಗ ಮುಚ್ಚಳದ ಒಳಮೈಗೆ ಎಣ್ಣೆ ತಾಗಿರುತ್ತದೆ, ಗಾಳಿ ಎಳೆಯುವುದಿಲ್ಲ. ನೆಟ್ಟಗೆ ನಿಂತಿದ್ದ ಡ್ರಮ್ಮಿನಿಂದ ಎಣ್ಣೆ ಎಳೆಯುವಾಗ ಪೈಪನ್ನು ತಳಕ್ಕೆ ಮುಟ್ಟಿಸಬೇಡಿ. ಕೊನೆಯ ಒಂದು ಗೇಣು ಬೇರೆ ಬಕೆಟ್ಟಿಗೆ ತೆಗೆದು ನೋಡಿ.

ತುಂಬುವುದು ಕೆಳಗಿನಿಂದ, ಅಂದರೆ ಲೈನಿನ ಅತಿ ತಗ್ಗಿನ ಜಾಗದಿಂದ. ಆಗ ಎಣ್ಣೆ ಏರುತ್ತಾ ಗಾಳಿಯನ್ನು ಮೇಲೆ ತಳ್ಳುತ್ತದೆ. ಎತ್ತರದ ವೆಂಟುಗಳನ್ನು ತೆರೆದಿಟ್ಟು, ಗುಳ್ಳೆ ಇಲ್ಲದ ಎಣ್ಣೆ ಬಂದ ಮೇಲೆ ಮುಚ್ಚಿ. ಎಕ್ಸ್‌ಪಾನ್ಷನ್ ಟ್ಯಾಂಕಿನಲ್ಲಿ ತಣ್ಣಗಿರುವಾಗ ಕಾಲು ಭಾಗ ಇದ್ದರೆ ಸಾಕು. ಖಾಲಿ ಕಾಣುತ್ತದೆ ಅಂತ ಇನ್ನೂ ಒಂದು ಡ್ರಮ್ ಸುರಿಯಬೇಡಿ. 200 ಡಿಗ್ರಿ ಏರುವಷ್ಟರಲ್ಲಿ ಈ ಎಣ್ಣೆ ಶೇಕಡ 15ರಿಂದ 20ರಷ್ಟು ಉಬ್ಬುತ್ತದೆ. 3,000 ಲೀಟರ್ ಇದ್ದರೆ ಐನೂರು ಲೀಟರಿನಷ್ಟು ಹೆಚ್ಚಾಗುತ್ತದೆ. ಅದಕ್ಕೆ ಜಾಗ ಬೇಕಲ್ವಾ?

ಆಮೇಲೆ ಬೆಂಕಿಯ ಮಾತೇ ಇಲ್ಲದೆ ಪಂಪ್ ಓಡಿಸಿ. ಮೊದಲು ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಮೋಟಾರ್ ವೈರ್ ಬಿಚ್ಚಿದ್ದರೆ ತಿರುಗುವ ದಿಕ್ಕು ಸರಿ ಇದೆಯಾ ನೋಡಿ. ತಣ್ಣನೆ ಎಣ್ಣೆ ದಪ್ಪ, ಮೋಟಾರ್ ಸ್ವಲ್ಪ ಜಾಸ್ತಿ ಆಂಪ್ ಎಳೆಯುತ್ತದೆ. ಮೂರು ನಾಲ್ಕು ಗಂಟೆ ಹೀಗೇ ತಿರುಗಲಿ. ನಡುವೆ ಪಂಪ್ ನಿಲ್ಲಿಸಿ, ಎಣ್ಣೆ ಸೋಸುವ ಜಾಲರಿ, ಅಂದರೆ ಸ್ಟ್ರೈನರ್ ಬಿಚ್ಚಿ ತೊಳೆಯಿರಿ. ವೆಲ್ಡಿಂಗ್ ಚೂರು, ಹಳೆ ಕರಿ, ಒಮ್ಮೊಮ್ಮೆ ಬಟ್ಟೆ ತುಂಡೂ ಸಿಗುತ್ತದೆ. ಗೇಜಿನ ಮುಳ್ಳು ನಡುಗದೆ ನಿಂತ ಮೇಲೇ ಬೆಂಕಿಯ ಯೋಚನೆ.

ಮೊದಲು ಒಲೆಯ ಹೊಗೆ ಎಳೆದು ಚಿಮಣಿಗೆ ಬಿಡುವ ಐ.ಡಿ. ಫ್ಯಾನ್ ಐದು ನಿಮಿಷ ಓಡಲಿ, ಒಲೆಯಲ್ಲಿ ನಿಂತ ಗಾಳಿ ಹೋಗಲಿ. ಒಣ ಪುರುಳೆಯಿಂದ ಹಚ್ಚಿ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಆವಿ ಒಲೆಯೊಳಗೆ ತುಂಬಿಕೊಂಡು ಒಮ್ಮೆಗೇ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆಯುವಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ.

ಗಂಟೆಗೆ 15ರಿಂದ 20 ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ. ದಪ್ಪ ಎಣ್ಣೆ ಕಾಯಿಲಿನೊಳಗೆ ನಿಧಾನ ಹರಿಯುತ್ತದೆ. ಆಗ ಜೋರು ಉರಿ ಕೊಟ್ಟರೆ ಪೈಪಿನ ಗೋಡೆಗೆ ಅಂಟಿದ ಎಣ್ಣೆ ಸೀದು ಕರಿಯಾಗುತ್ತದೆ. ಜೋನಿ ಬೆಲ್ಲ ಕಾಯಿಸುವುದನ್ನು ನೋಡಿದ್ದೀರಲ್ವಾ? ಮರಕೋಲು ಆಡಿಸುವುದನ್ನು ನಿಲ್ಲಿಸಿದರೆ ಕೊಪ್ಪರಿಗೆಯ ತಳ ಹಿಡಿಯುತ್ತದೆ. ಇಲ್ಲಿ ಆ ಮರಕೋಲೇ ಪಂಪ್. ಕೊಪ್ಪರಿಗೆಯನ್ನಾದರೆ ಉಜ್ಜಬಹುದು, ಕಾಯಿಲಿನ ಒಳಗೆ ಕೈ ಹೋಗಲ್ಲ. ಕರಿ ಕಟ್ಟಿದ ಕಡೆ ಶಾಖ ಎಣ್ಣೆಗೆ ದಾಟುವುದಿಲ್ಲ, ಕಬ್ಬಿಣದಲ್ಲೇ ಉಳಿಯುತ್ತದೆ. ಕಬ್ಬಿಣ ಕೆಂಪಾಗಿ, ಉಬ್ಬಿ, ಒಂದು ದಿನ ಒಡೆಯುತ್ತದೆ. ಉರಿಯುವ ಒಲೆಯೊಳಗೇ ಎಣ್ಣೆ ಬೀಳುತ್ತದೆ.

100ರಿಂದ 110 ಡಿಗ್ರಿ ಬಂದಾಗ ಅಲ್ಲೇ ನಿಲ್ಲಿಸಿ. ನೀರು ಹೋಗುವ ಹೊತ್ತು ಇದು. ಎಕ್ಸ್‌ಪಾನ್ಷನ್ ಟ್ಯಾಂಕಿನ ಕಡೆಗೆ ಗಾಳಿ, ಹಬೆ ಬಿಡುವ ಡಿಏರೇಷನ್ ವಾಲ್ವ್ ತೆರೆದಿರಲಿ. ವೆಂಟ್ ಪೈಪಿನ ಬಾಯಲ್ಲಿ ಬಿಳಿ ಹಬೆ ಕಾಣುತ್ತದೆ. ಪ್ರೆಸ್ಸಿನ ಪ್ಲೇಟುಗಳಿಗೂ ಒಂದೊಂದಾಗಿ ಎಣ್ಣೆ ಬಿಡಿ. ಮೂಲೆಯ ಪೈಪುಗಳಲ್ಲಿ ನೀರು ಅಡಗಿ ಕೂತಿರುತ್ತದೆ. ಒಂದು ಲೈನ್ ಮರೆತರೆ, ನಾಳೆ 180 ಡಿಗ್ರಿಯಲ್ಲಿ ಅದನ್ನು ತೆರೆದಾಗ ಅನಾಹುತ. ಚಟಪಟ ಜಾಸ್ತಿಯಾದರೆ ಉರಿ ಕಡಿಮೆ ಮಾಡಿ, ಪಂಪ್ ಮಾತ್ರ ಓಡುತ್ತಲೇ ಇರಲಿ. ಆರು ಗಂಟೆಯೂ ಆಗಬಹುದು, ಹನ್ನೆರಡು ಗಂಟೆಯೂ ಆಗಬಹುದು. ಗಡಿಯಾರ ನೋಡಬೇಡಿ. ಸದ್ದು ಪೂರ್ತಿ ನಿಂತು, ಮುಳ್ಳು ಅಲ್ಲಾಡದೆ ನಿಂತು, ಹಬೆ ಕಾಣದಾದ ಮೇಲೆ 130ಕ್ಕೆ ಏರಿಸಿ. ಅಲ್ಲೂ ಒಂದು ಗಂಟೆ ಕಿವಿ ಕೊಡಿ. ಆಮೇಲೆ ಗಂಟೆಗೆ 20ರಿಂದ 25 ಡಿಗ್ರಿಯಂತೆ ಮೇಲೆ ಹೋಗಬಹುದು. ಏರುವಾಗ ಪೈಪುಗಳನ್ನು ಬೋಲ್ಟ್ ಹಾಕಿ ಕೂಡಿಸಿದ ಪ್ರತಿ ಫ್ಲ್ಯಾಂಜ್ ಹತ್ತಿರ ಟಾರ್ಚ್ ಹಿಡಿದು ನೋಡಿ. ಮೊದಲ ಸಲ ಕಾದು ತಣ್ಣಗಾದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ, ಸ್ಟ್ರೈನರ್ ಮತ್ತೆ ತೊಳೆಯಿರಿ.

ಇನ್ನೊಂದು. ಮಾಮೂಲಿ ಪ್ಲೈವುಡ್ಡಿಗೆ ಪ್ಲೇಟ್ 110 ಡಿಗ್ರಿ ಆಸುಪಾಸು, ವಾಟರ್‌ಪ್ರೂಫ್ ಮಾಲಿಗೆ 140ರ ಆಸುಪಾಸು ಇದ್ದರೆ ಸಾಕು. ಅದಕ್ಕೆ ಎಣ್ಣೆ 260 ಡಿಗ್ರಿ ಯಾಕೆ? ಡ್ರಮ್ಮಿನ ಮೇಲೆ 300 ಅಂತ ಬರೆದಿದ್ದರೆ ಅದು ಅಲ್ಲಿಗೆ ಮುಟ್ಟಿಸಿ ಅನ್ನುವ ಸಲಹೆ ಅಲ್ಲ, ದಾಟಬಾರದ ಗಡಿ. ಕಡಿಮೆಯಲ್ಲಿ ಓಡಿಸಿದಷ್ಟೂ ಎಣ್ಣೆ ಬಾಳುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಸಣ್ಣ ಘಟಕ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಬೆಂಕಿ ಉರಿಯುತ್ತಲೇ ಇರುತ್ತದೆ, ಪಂಪ್ ನಿಲ್ಲುತ್ತದೆ. ಜನರೇಟರ್ ಹಳೆಯದು, ಕೆಲವೊಮ್ಮೆ ಸ್ಟಾರ್ಟ್ ಆಗುವುದಿಲ್ಲ. ಥರ್ಮಾಮೀಟರ್ ನೋಡಿದರೆ ಕರೆಂಟ್ ಹೋದ ಮೇಲೆ ಇಳಿಯುತ್ತಲೇ ಇರುತ್ತದೆ. ಹಾಗಾದರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ, ಬಹಳ ಇದೆ. ಆ ಥರ್ಮಾಮೀಟರ್ ಇರುವುದು ಒಲೆಯ ಹೊರಗಿನ ಪೈಪಿನಲ್ಲಿ. ಎಣ್ಣೆ ಓಡುತ್ತಿದ್ದಾಗ ಅದು ಕಾಯಿಲಿನ ಸುದ್ದಿ ಹೇಳುತ್ತದೆ. ಎಣ್ಣೆ ನಿಂತರೆ ತನ್ನ ಸುತ್ತ ನಿಂತ ಎಣ್ಣೆಯ ಸುದ್ದಿ ಮಾತ್ರ ಹೇಳುತ್ತದೆ. ಹೊರಗಿನ ಪೈಪ್ ತಣ್ಣಗಾಗುತ್ತಾ ಇರುತ್ತದೆ, ಒಳಗೆ ಕೆಂಡದ ಮೇಲೆ ನಿಂತ ಎಣ್ಣೆ ಸೀಯುತ್ತಾ ಇರುತ್ತದೆ. ಡೀಸೆಲ್ ಬರ್ನರ್ ಆದರೆ ಕರೆಂಟ್ ಹೋದ ಕೂಡಲೇ ಉರಿಯೂ ನಿಲ್ಲುತ್ತದೆ. ಕಟ್ಟಿಗೆಗೆ ಸ್ವಿಚ್ ಇಲ್ಲ.

ಜನರೇಟರ್ ಕಥೆಯನ್ನು ಮೊದಲು ಸರಿ ಮಾಡಿ. ಬ್ಯಾಟರಿ ಹೊಸದು ಹಾಕಿಸಿ. ವಾರಕ್ಕೊಮ್ಮೆ ಸುಮ್ನೆ ಓಡಿಸಿ ನಿಲ್ಲಿಸುವುದಲ್ಲ, ಎಣ್ಣೆ ಪಂಪಿನ ಲೋಡ್ ಕೊಟ್ಟು ಓಡಿಸಿ. ಕರೆಂಟ್ ಹೋದಾಗ ಲೈಟಿಗಿಂತ ಮೊದಲು ಪಂಪಿಗೆ ಕೊಡಿ. ಆಮೇಲೆ ಐ.ಡಿ. ಫ್ಯಾನ್.

ಅಷ್ಟಾದರೂ ಸ್ಟಾರ್ಟ್ ಆಗಲಿಲ್ಲ ಅನ್ನಿ. ಕಾಯುತ್ತಾ ನಿಲ್ಲಬೇಡಿ. ಕೆಳಗಿನ ಬೂದಿ ಬಾಗಿಲು ಮುಚ್ಚಿ, ಕೆಂಡಕ್ಕೆ ಗಾಳಿ ಸಿಗದಿರಲಿ. ಚಿಮಣಿಯ ಡ್ಯಾಂಪರ್, ಅಂದರೆ ಹೊಗೆ ದಾರಿಯ ತಗಡಿನ ಮುಚ್ಚಳ, ಪೂರ್ತಿ ತೆರೆಯಿರಿ. ಕಟ್ಟಿಗೆ ಹಾಕುವ ಬಾಗಿಲನ್ನು ಪಕ್ಕಕ್ಕೆ ನಿಂತು ನಿಧಾನ ತೆರೆಯಿರಿ. ಫ್ಯಾನ್ ನಿಂತಿರುವುದರಿಂದ ಜ್ವಾಲೆ ಮುಖಕ್ಕೆ ಬರುತ್ತದೆ. ಅದು ತಗ್ಗಿದ ಮೇಲೆ ಉದ್ದನೆ ಕೊಕ್ಕೆಯಿಂದ ಉರಿಯುವ ಕಟ್ಟಿಗೆ ಮತ್ತು ಕೆಂಡವನ್ನು ಕಬ್ಬಿಣದ ಗಾಡಿಗೆ ಎಳೆದು, ಶೆಡ್ಡಿನಿಂದ ಆಚೆ ಒಯ್ಯಿರಿ. ನೀರು ಹಾಕುವುದಿದ್ದರೆ ಅಲ್ಲಿ ಹಾಕಿ. ಒಲೆಯೊಳಗೆ ಒಂದು ಚೊಂಬು ನೀರೂ ಬೇಡ. ಉಗಿ ಎದುರು ನಿಂತವರನ್ನು ಬೇಯಿಸುತ್ತದೆ, ಬಿಸಿ ಕಾಯಿಲೂ ಇಟ್ಟಿಗೆಯೂ ಸೀಳುತ್ತವೆ. ಕೊಕ್ಕೆ, ಗಾಡಿ, ಚರ್ಮದ ಕೈಗವಸು ಇವು ಒಲೆಯ ಪಕ್ಕದಲ್ಲೇ ಇರಬೇಕು. ಕತ್ತಲಲ್ಲಿ ಹುಡುಕುವ ಹಾಗಿರಬಾರದು. ನಾವು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಇದನ್ನು ನಿಜವಾಗಿ ಮಾಡಿ ನೋಡುತ್ತಿದ್ದೆವು. ಇಬ್ಬರು ಸೇರಿದರೆ ಏಳು ನಿಮಿಷಕ್ಕೆ ಒಲೆ ಖಾಲಿ.

ದಿನವೂ ನಿಲ್ಲಿಸುವಾಗಲೂ ಇದೇ ಲೆಕ್ಕ. ಬೆಂಕಿ ಆರಿದ ಮೇಲೂ ಒಲೆಯ ಇಟ್ಟಿಗೆಯಲ್ಲಿ ಶಾಖ ಇರುತ್ತದೆ. ಎಣ್ಣೆ 80 ಡಿಗ್ರಿಗೆ ಇಳಿಯುವವರೆಗೆ ಪಂಪ್ ಓಡಲಿ. ಆರು ಗಂಟೆಗೆ ಬಸ್ ಇದೆ ಅಂತ ಐದೂಮುಕ್ಕಾಲಿಗೆ ಪಂಪ್ ಆಫ್ ಮಾಡುವವರನ್ನು ನೋಡಿದ್ದೇನೆ. ಆ ಹೀಟರುಗಳ ಕಾಯಿಲ್ ಬೇಗ ಹೋಗುತ್ತದೆ.

ಪ್ರಶ್ನೆ: ನಮ್ಮ ಹೀಟರ್ ದಿನಕ್ಕೆ ನಾಲ್ಕೈದು ಸಲ ಡಿ.ಪಿ. ಅಲಾರಂ ಹೊಡೆದು ಟ್ರಿಪ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಒಂದು ವೈರ್ ತುಂಡು ಹಾಕಿ ಸರಿ ಮಾಡಿದ್ದಾನೆ. ಹೀಗೆ ಓಡಿಸಬಹುದಾ? (ಭದ್ರಾವತಿ)

ಉತ್ತರ: ಈ ಸಾಲು ಓದಿದ ಮೇಲೆ ಉರಿ ಇಳಿಸಿ, ಎಣ್ಣೆ ತಣಿಯುವವರೆಗೆ ಪಂಪ್ ಓಡಿಸಿ ನಿಲ್ಲಿಸಿ. ಆ ವೈರ್ ತೆಗೆಸಿ. ಅವನು ಸರಿ ಮಾಡಿಲ್ಲ, ಹೀಟರಿನ ಬಾಯಿ ಕಟ್ಟಿದ್ದಾನೆ.

ಡಿ.ಪಿ. ಸ್ವಿಚ್ ನೋಡುವುದು ಕಾಯಿಲಿಗೆ ಹೋಗುವ ಒತ್ತಡಕ್ಕೂ ಬರುವ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಅದು ಕಡಿಮೆಯಾದರೆ ಎಣ್ಣೆ ಸಾಕಷ್ಟು ಹರಿಯುತ್ತಿಲ್ಲ ಅಂತ ಅರ್ಥ. ಮೊದಲು ಸ್ಟ್ರೈನರ್ ನೋಡಿ, ಹತ್ತರಲ್ಲಿ ಆರು ಸಲ ನನಗೆ ಅಲ್ಲೇ ಸಿಕ್ಕಿದೆ. ಆಮೇಲೆ ಎಕ್ಸ್‌ಪಾನ್ಷನ್ ಟ್ಯಾಂಕಿನ ಮಟ್ಟ. ಪಂಪ್ ಕಪ್ಲಿಂಗ್. ಅರ್ಧ ಮುಚ್ಚಿದ ವಾಲ್ವ್. ಎಲ್ಲಾ ಪ್ರೆಸ್ಸುಗಳ ವಾಲ್ವ್ ಒಟ್ಟಿಗೆ ಮುಚ್ಚಿದಾಗ, ಎಣ್ಣೆ ಪ್ರೆಸ್ಸಿಗೆ ಹೋಗದೆ ಸೀದಾ ಮರಳುವ ಬೈಪಾಸ್ ತೆರೆಯುತ್ತಿದೆಯಾ ನೋಡಿ. ಎಣ್ಣೆಯಲ್ಲಿ ನೀರಿದ್ದರೂ ಹೀಗಾಗುತ್ತದೆ. ಒಳಹೋಗುವ ಎಣ್ಣೆಗೂ ಹೊರಬರುವ ಎಣ್ಣೆಗೂ ಎಷ್ಟು ಡಿಗ್ರಿ ಅಂತರ ಅಂತ ದಿನವೂ ಪುಸ್ತಕದಲ್ಲಿ ಬರೆದಿಡಿ. ಮೊನ್ನೆ 25 ಇದ್ದದ್ದು ಇವತ್ತು ಅದೇ ಉರಿಗೆ 40 ಆಗಿದ್ದರೆ ಹರಿವು ಕುಗ್ಗಿದೆ.

ಹೆಚ್ಚು ಉಷ್ಣತೆಯ ಟ್ರಿಪ್, ಟ್ಯಾಂಕ್ ಮಟ್ಟದ ಟ್ರಿಪ್, ಚಿಮಣಿ ಉಷ್ಣತೆಯ ಟ್ರಿಪ್ ಇವನ್ನೂ ತಿಂಗಳಿಗೊಮ್ಮೆ ಬೇಕಂತಲೇ ಹೊಡೆಸಿ ನೋಡಿ. ಚಿಮಣಿ ಉಷ್ಣತೆ ಇದ್ದಕ್ಕಿದ್ದ ಹಾಗೆ ಏರಿ, ಕಪ್ಪು ಹೊಗೆ ಬಂದು, ಟ್ಯಾಂಕ್ ಮಟ್ಟ ಇಳಿಯುತ್ತಿದ್ದರೆ ಕಾಯಿಲ್ ಒಡೆದಿದೆ. ಅದೊಂದೇ ಸಂದರ್ಭದಲ್ಲಿ ಪಂಪ್ ಓಡಿಸಬಾರದು. ಓಡಿಸಿದರೆ ಬೆಂಕಿಗೆ ಎಣ್ಣೆ ಹುಯ್ದ ಹಾಗೆ. ಪಂಪ್, ಫ್ಯಾನ್ ಎರಡೂ ನಿಲ್ಲಿಸಿ, ಎಕ್ಸ್‌ಪಾನ್ಷನ್ ಟ್ಯಾಂಕಿನ ಎಣ್ಣೆಯನ್ನು ಕೆಳಗಿನ ಡಂಪ್ ಟ್ಯಾಂಕಿಗೆ ಬಿಟ್ಟು, ಜನರನ್ನು ದೂರ ಕಳಿಸಿ 101ಕ್ಕೆ ಫೋನ್ ಮಾಡಿ.

1923ರ ಬಾಯ್ಲರ್ ಕಾನೂನೂ, 2025ರಲ್ಲಿ ಅದರ ಬದಲು ಬಂದ ಕಾನೂನೂ ಉಗಿ ಮಾಡುವ ಬಾಯ್ಲರಿಗೆ ಅಂತ ಬಂದವು. ಉಗಿ ಮಾಡದ ಎಣ್ಣೆ ಹೀಟರನ್ನು ಪರೀಕ್ಷೆ ಮಾಡಲು ಬಾಯ್ಲರ್ ಇನ್‌ಸ್ಪೆಕ್ಟರ್ ಬರುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಒಂದು ವಾರದ ಅನುಭವದ ಹುಡುಗನನ್ನು ನಿಲ್ಲಿಸಿರುತ್ತಾರೆ. ಇದು ನನಗೆ ಬಹಳ ನೋವಿನ ವಿಷಯ. ಒತ್ತಡ ಕಡಿಮೆ ಇರಬಹುದು, ಒಳಗಿರುವುದು ಮಾತ್ರ ಹೊತ್ತಿಕೊಳ್ಳುವಷ್ಟು ಕಾದ ಎಣ್ಣೆ.

ಪ್ರಶ್ನೆ: ಪೈಪಿನ ಮೇಲಿನ ತಗಡಿನ ಸಂದಿಯಿಂದ ಸಣ್ಣಗೆ ಹೊಗೆ, ಸುಟ್ಟ ವಾಸನೆ. ಸೋರಿಕೆ ಎಲ್ಲೂ ಕಾಣುವುದಿಲ್ಲ. ತಗಡು ಬಿಚ್ಚಿ ನೋಡಲಾ? (ಸಾಗರ)

ಉತ್ತರ: ಬಿಸಿ ಇರುವಾಗ ಬಿಚ್ಚಬೇಡಿ. ತಗಡಿನ ಒಳಗೆ ಶಾಖ ಹೋಗದಂತೆ ಸುತ್ತಿದ ಉಣ್ಣೆ ಎಣ್ಣೆ ಹೀರಿಕೊಂಡಿದೆ. ದೀಪದ ಬತ್ತಿಯ ಹಾಗೆ ಎಣ್ಣೆ ಎಳೆ ಎಳೆಗೂ ಹರಡಿ, ಗಾಳಿ ತಾಗಿ, ತಾನಾಗೇ ಕಾಯುತ್ತಾ ಹೋಗುತ್ತದೆ. ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ತಗಡು ಎತ್ತಿದ ಕೂಡಲೇ ಗಾಳಿ ನುಗ್ಗಿ ಹೊತ್ತಿಕೊಳ್ಳುತ್ತದೆ. ಬೆಂಕಿ ತೆಗೆದು, ಪಂಪ್ ಓಡಿಸಿ, ತಣ್ಣಗೆ ಮಾಡಿ. ಡ್ರೈ ಪೌಡರ್ ಸಿಲಿಂಡರ್ ಕೈಯಲ್ಲಿ ಹಿಡಿದ ಒಬ್ಬರು ಪಕ್ಕದಲ್ಲಿರಲಿ, ಆಮೇಲೆ ಬಿಚ್ಚಿ. ನೆನೆದ ಉಣ್ಣೆಯನ್ನು ಹೊರಗೆ ಒಯ್ದು ಹಾಕಿ, ಮತ್ತೆ ಸುತ್ತಬೇಡಿ. ವಾಲ್ವಿನ ದಂಡ ಮೇಲ್ಮುಖವಾಗಿದ್ದರೆ ದಂಡದ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡಿನಿಂದ ಜಿನುಗಿದ ಎಣ್ಣೆ ಉಣ್ಣೆಗೇ ಇಳಿಯುತ್ತದೆ. ಪಕ್ಕಕ್ಕೆ ತಿರುಗಿಸಿ ಕೂರಿಸಿದರೆ ನೆಲಕ್ಕೆ ಬಿದ್ದು ಕಣ್ಣಿಗೆ ಕಾಣುತ್ತದೆ. ಫ್ಲ್ಯಾಂಜುಗಳಿಗೆ ಉಣ್ಣೆ ಸುತ್ತಬೇಡಿ. ಸ್ವಲ್ಪ ಶಾಖ ಹೋದರೆ ಹೋಗಲಿ.

ಪ್ರಶ್ನೆ: ನನ್ನ ಮಗ ಐ.ಟಿ.ಐ. ಮುಗಿಸಿ ಇಂಥದ್ದೇ ಹೀಟರ್ ಕೆಲಸಕ್ಕೆ ಸೇರಿದ್ದಾನೆ. ರಾತ್ರಿ ಪಾಳಿ. ನನಗೆ ನಿದ್ದೆ ಬರುವುದಿಲ್ಲ. ತಾಯಿಯಾಗಿ ನಾನು ಏನು ಹೇಳಿ ಕಳಿಸಲಿ? (ಹೊಸನಗರ)

ಉತ್ತರ: ತಾಯಿ, ತಿಳಿದು ಮಾಡಿದರೆ ಇದು ಒಳ್ಳೆಯ ಕೆಲಸ. ನಾನು ಇದರಲ್ಲೇ ಮನೆ ನಡೆಸಿದೆ. ಉದ್ದ ತೋಳಿನ ದಪ್ಪ ಹತ್ತಿ ಅಂಗಿ, ಹತ್ತಿ ಪ್ಯಾಂಟ್ ಹಾಕಿ ಕಳಿಸಿ. ಟೆರಿಕಾಟ್, ನೈಲಾನ್ ಜರ್ಕಿನ್ ಬೇಡ. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಚಪ್ಪಲಿ ಬೇಡ, ಚರ್ಮದ ಶೂ. ಪ್ಯಾಂಟನ್ನು ಶೂ ಮೇಲೆ ಬಿಟ್ಟಿರಲಿ, ಒಳಗೆ ಸಿಕ್ಕಿಸಿದರೆ ಎಣ್ಣೆ ಶೂ ಒಳಗೆ ಇಳಿಯುತ್ತದೆ.

ಸುಟ್ಟರೆ ಕೊಳಾಯಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಹಚ್ಚಬಾರದು. ಅಂಟಿದ ಬಟ್ಟೆ ಕೀಳಬಾರದು. ಉಂಗುರ, ವಾಚು ಊತ ಬರುವ ಮೊದಲೇ ತೆಗೆಯಬೇಕು. ಅಂಗೈಗಿಂತ ದೊಡ್ಡ ಗಾಯವಾದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು. ಆ ಹೆಲ್ಪರ್ ಹುಡುಗನ ಕೈಗೆ ನಾವು ಅವತ್ತು ಗಾಬರಿಯಲ್ಲಿ ನೀಲಿ ಇಂಕು ಸುರಿದಿದ್ದೆವು. ನೀರು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿತ್ತು.

ಇವತ್ತು ಅವನು ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿ. ನಿಮ್ಮ ಹೀಟರಿನ ವೆಂಟ್ ಪೈಪಿನ ಬಾಯಿ ಎಲ್ಲಿದೆಯಪ್ಪಾ ಅಂತ. ನೆಲದ ಹತ್ತಿರ ಮುಚ್ಚಿದ ಟ್ಯಾಂಕಿಗೆ ಬಿಟ್ಟಿದ್ದಾರೆ ಅಂದರೆ ಸರಿ. ಜನ ಓಡಾಡುವ ದಾರಿಯ ಮೇಲಿದೆ ಅಂದರೆ, ನಾಳೆಯೇ ಸೂಪರ್‌ವೈಸರಿಗೆ ಹೇಳಿ ತಿರುಗಿಸಿ ಹಾಕಿಸಲಿ. ಗೊತ್ತಿಲ್ಲ ಅಂದರೆ, ಈ ರಾತ್ರಿ ಪಾಳಿಯಲ್ಲಿ ಮೊದಲು ಟಾರ್ಚ್ ಹಿಡಿದು ಅದನ್ನು ನೋಡಿಕೊಂಡು ಬರಲಿ.